ಶಮೀಮ್ ಹೇಳಿದ್ದು, ನಾನು ಬರೆದದ್ದು

ಅಲ್ಲ, ಸೀಮೆಎಣ್ಣೆ ಅಂದ್ರೇನು ಅಂತ ಕೇಳ್ತೀರಲ್ಲ, ಅಲ್ಲಿಂದ ಶುರು ಮಾಡಿದ್ರೆ ಇವತ್ತಿಗೆ ಮುಗಿಯಲ್ಲ. ಸ್ಟವ್‌ಗೆ ಹಾಕೋ ಎಣ್ಣೆ, ಅಷ್ಟು ಇಟ್ಕೊಳ್ಳಿ. ಆಗ ಎಲ್ರ ಮನೇಲೂ ಗ್ಯಾಸ್ ಇರ್ಲಿಲ್ಲ. ನಾನು ಒಂಬತ್ತನೇ ಕ್ಲಾಸು, ಹಲಸೂರಲ್ಲಿ ಹೆಣ್ಣುಮಕ್ಕಳ ಸ್ಕೂಲು. ಅತ್ತ ಕುವೈತಲ್ಲಿ ಯುದ್ಧ. 'ಅಲ್ಲೆಲ್ಲೋ ಯುದ್ಧ ಆದ್ರೆ ನಿಮಗೇನು ಚಿಕ್ಕಜ್ಜಿ' ಅಂತೀಯ? ಅಲ್ಲಿ ಬಾಂಬ್ ಬಿದ್ರೆ ಇಲ್ಲಿ ಜೋಗುಪಾಳ್ಯದಲ್ಲಿ ಸ್ಟವ್ ಆರೋಗ್ತಿತ್ತು, ಗೊತ್ತಾ. ರೇಷನ್ ಅಂಗಡಿ ಮುಂದೆ ಸಾಲು. ಸಾಲು ಅಂದ್ರೆ ಜನ ಅಲ್ಲ, ಕ್ಯಾನು, ಡಬ್ಬ, ಕಲ್ಲು. ಕಲ್ಲಿಟ್ಟು ಜಾಗ ಹಿಡ್ದು ಮನೆಗೆ ಹೋಗಿ ನೀರು ಹಿಡ್ಕೊಂಡು ಬರೋದು. ಬಂದ್ರೆ ಕಲ್ಲು ಮಾಯ! "ರೀ, ನಮ್ಮ ಕಲ್ಲು ಎಲ್ರೀ?" "ನಿಮ್ಮ ಕಲ್ಲಿಗೇನು ಹೆಸರು ಬರೆದಿದ್ಯಾ?" ಹೀಗೆ ಜಗಳ. ನಮ್ಮಮ್ಮ ಒಂದ್ಸಲ ಒರಳಿನ ಗುಂಡನ್ನೇ ಹೊತ್ಕೊಂಡ್ಹೋಗಿ ಇಟ್ಟಿದ್ರು, ಯಾರೂ ಒದೀಬಾರ್ದು ಅಂತ. ನಗ್ತೀರ, ನಗಿ. ಆವತ್ತು ಮನೇಲಿ ಚಟ್ನಿಗೆ ಗತಿ ಇರ್ಲಿಲ್ಲ.

ಎಲ್ಲಿದ್ದೆ? ಹಾಂ, ಶಮೀಮ್. ನಮ್ಮ ಹಿಂದಿನ ಬೀದಿಯವಳು, ನಮ್ಮ ಸ್ಕೂಲಲ್ಲೇ ಹತ್ತನೇ ಕ್ಲಾಸು. ಅವರಪ್ಪ ಕುವೈತಲ್ಲಿ ಡ್ರೈವರು. ಮುಂಚೆ ಅವಳನ್ನ ಎಲ್ರೂ 'ಕುವೈತ್ ರಾಣಿ' ಅನ್ನೋರು, ಯಾಕಂದ್ರೆ ಅವರಪ್ಪ ತರೋ ರಬ್ಬರ್ ಇತ್ತಲ್ಲ, ಅಳಿಸೋ ರಬ್ಬರ್, ಅದು ಸ್ಟ್ರಾಬೆರಿ ವಾಸನೆ. ಸ್ಟ್ರಾಬೆರಿ ನಾವ್ಯಾರೂ ನೋಡಿರ್ಲಿಲ್ಲ, ರಬ್ಬರ್ ಮಾತ್ರ ಕ್ಲಾಸೆಲ್ಲ ಮೂಸಿ ಮೂಸಿ ಕಪ್ಪಾಗೋಗಿತ್ತು. ಯುದ್ಧ ಶುರುವಾದ್ಮೇಲೆ ಅವರಪ್ಪಂದು ಕಾಗದ ನಿಂತೋಯ್ತು. ವಿಮಾನದಲ್ಲಿ ಎಷ್ಟೋ ಜನ ವಾಪಸ್ ಬಂದ್ರು. ಶಿವಾಜಿನಗರದಲ್ಲಿ ಯಾರೋ ಬಂದಿದಾರಂತೆ ಅಂದ್ರೆ ಸಾಕು, ಅವಳಮ್ಮ ಬುರ್ಖಾ ಹಾಕ್ಕೊಂಡು ಫೋಟೋ ಹಿಡ್ಕೊಂಡು ಓಡೋರು. "ಭಾಯ್, ಇವರನ್ನ ಅಲ್ಲಿ ನೋಡಿದ್ರಾ?" ಯಾರೂ ನೋಡಿರ್ಲಿಲ್ಲ. ರಾಣಿ ಅಂತ ಕರೆಯೋದು ನಿಂತೋಯ್ತು. ಕರೀದೇ ಇದ್ದಿದ್ದೇ ಅವಳಿಗೆ ಜಾಸ್ತಿ ಹಿಂಸೆ ಆಯ್ತು ಅಂತ ಆಮೇಲೆ ನನ್ನ ಹತ್ರ ಹೇಳಿದ್ಲು.

ಅವಳಿಗೊಬ್ಬ ಮಾಮು, ತಾಯಿ ತಮ್ಮ. ಕೆ.ಆರ್. ಪುರದಲ್ಲಿ ಗುಜರಿ ಅಂಗಡಿ. ಕೆಟ್ಟವನಲ್ಲ, ಅಕ್ಕಿ ಬೇಳೆ ಎಲ್ಲ ಅವನೇ ತಂದಾಕ್ತಿದ್ದ. ಅವನು ಅಕ್ಕನ ಹತ್ರ ಹೇಳ್ಬಿಟ್ಟ. "ನೋಡು ಆಪಾ, ಭಾವ ಬರ್ತಾರೋ ಇಲ್ವೋ ಅಲ್ಲಾಗೇ ಗೊತ್ತು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದ್ರೆ ಟೀಚರ್ ಟ್ರೈನಿಂಗ್‌ಗೆ ನಾನೇ ಸೇರಿಸ್ತೀನಿ. ಫೇಲಾದ್ರೆ ಗಂಡು ನೋಡಿದೀನಿ. ಆಮೇಲೆ ಅಳೋ ಹಂಗಿಲ್ಲ." ಶಮೀಮ್ "ಸರಿ" ಅಂದ್ಲು. ಕ್ಲಾಸಲ್ಲಿ ಅವಳು ಬುದ್ಧಿವಂತೆ, ಭಯ ಏನು? ಎಣ್ಣೆ ಸಾಲಲ್ಲಿ ನಿಂತ್ಕೊಂಡೇ ಜೋರಾಗಿ ಓದೋಳು. ಸಾಲಲ್ಲಿದ್ದೋರಿಗೆಲ್ಲ ಪ್ಲಾಸಿ ಕದನ ಬಾಯಿಪಾಠ ಆಗಿತ್ತು.

ಫೆಬ್ರವರೀಲಿ ಸೆಂಡಾಫ್. ಹತ್ತನೇ ಕ್ಲಾಸಿನವರಿಗೆ ಒಂಬತ್ತನೇ ಕ್ಲಾಸಿನವರೇ ಮಾಡ್ಬೇಕು, ಅದು ಪದ್ಧತಿ. ಅವರು ಸೀರೆ ಉಟ್ಕೊಂಡು ಬರೋದು, ನಾವು ಕೇಸರಿಬಾತ್ ಮಾಡಿ ಬಡಿಸೋದು, ಫೋಟೋದವನು ಬಂದು ಗ್ರೂಪ್ ಫೋಟೋ ತೆಗೆಯೋದು. ಎಣ್ಣೆ ಇಲ್ವಲ್ಲ, ಹೆಡ್ ಮಿಸ್ ಏನಂದ್ರು, "ಎಲ್ರೂ ಮನೆಯಿಂದ ಒಂದೊಂದು ಸಣ್ಣ ಬಾಟ್ಲಿ ತನ್ನಿ." ತಂದ್ವಿ. ಔಷಧಿ ಬಾಟ್ಲಿ, ಸಾಸ್ ಬಾಟ್ಲಿ, ಎಲ್ಲ ಕಿಟಕಿ ಕಟ್ಟೆ ಮೇಲೆ ಸಾಲಾಗಿ. ಶಮೀಮ್ ತಿಳಿ ಹಸಿರು ಸೀರೆ ಉಟ್ಟಿದ್ಲು, ಕುವೈತಿಂದ ಬಂದಿದ್ದ ನೈಲಾನ್ ಸೀರೆ. ನಾವು ಅಡುಗೆ ಮಾಡ್ತಿದ್ದ ರೂಮಿಗೆ ಅವಳು ಬರೋ ಹಂಗೇ ಇರ್ಲಿಲ್ಲ, ಅವಳು ಗೆಸ್ಟು. ಆದ್ರೆ ನಮ್ಮ ಕೇಸರಿಬಾತ್ ನೋಡಿ ತಡೀಲಾರದೆ ಬಂದ್ಬಿಟ್ಲು. "ಏ ರತ್ನಾ, ಇದು ತಿನ್ನೋಕಾ, ಗೋಡೆಗೆ ಮೆತ್ತೋಕಾ? ಸರಿ ಆಚೆ!" ನನ್ನ ಕೈಯಿಂದ ಸೌಟು ಕಿತ್ಕೊಂಡ್ಲು. ಸ್ಟವ್ ಮಂಕಾಗಿತ್ತು. ಒಬ್ಬಳು ಕಟ್ಟೆ ಮೇಲಿಂದ ಒಂದು ಬಾಟ್ಲಿ ತಗೊಂಡು ಉರೀತಿದ್ದ ಸ್ಟವ್‌ಗೇ ಬಗ್ಗಿಸಿದ್ಲು.

ಅದ್ರಲ್ಲಿ ಪೆಟ್ರೋಲ್ ಬೆರೆತಿತ್ತು. ಬ್ಲ್ಯಾಕಲ್ಲಿ ತಗೊಂಡ ಎಣ್ಣೆ ಹಂಗೇ ಇರ್ತಿತ್ತು ಆಗ. ಯಾರ ಮನೆ ಬಾಟ್ಲಿ ಅಂತ ಇವತ್ತಿನವರೆಗೂ ಗೊತ್ತಿಲ್ಲ. ಆವತ್ತು ನಾವೆಲ್ಲ ಮನೆಗೆ ಹೋಗಿ ಕೇಳಿದ್ವಿ, "ಅಮ್ಮಾ, ನಮ್ಮ ಎಣ್ಣೆ ಎಲ್ಲಿದು?" ಎಲ್ಲ ಅಮ್ಮಂದಿರೂ ರೇಷನ್ನಿಂದೇ ಅಂದ್ರು. ಭಗ್ ಅಂತು, ಅಷ್ಟೇ. ನೈಲಾನ್ ಉರಿಯಲ್ಲ ಕಣ್ರೋ, ಕರಗುತ್ತೆ. ಕರಗಿ ಕೈಗೆ ಅಂಟ್ಕೊಳ್ಳುತ್ತೆ. ಹೆಡ್ ಮಿಸ್ ಗೋಣಿಚೀಲ ಸುತ್ತಿ ಅವಳನ್ನ ನೆಲಕ್ಕೆ ಕೆಡವಿದ್ರು. ಜೀವ ಉಳೀತು. ಬಲಗೈ, ಬೆರಳಿಂದ ಮೊಣಕೈವರೆಗೂ... ಬೇಡ, ಅದನ್ನ ಹೇಳಲ್ಲ. ಫೋಟೋದವನು ಆಚೆ ಬೆಂಚುಗಳನ್ನ ಜೋಡಿಸಿಟ್ಕೊಂಡು ಕಾಯ್ತಾನೇ ಇದ್ದ. ಆ ವರ್ಷದ ಹತ್ತನೇ ಕ್ಲಾಸಿಗೆ ಗ್ರೂಪ್ ಫೋಟೋ ಇಲ್ಲ.

ಯುದ್ಧ ಮುಗೀತು ಅಂತ ರೇಡಿಯೋದಲ್ಲಿ ಬಂತು. ಅವರಪ್ಪನ ಸುದ್ದಿ ಬರ್ಲಿಲ್ಲ, ಪರೀಕ್ಷೆ ಬಂತು. ಕೈ ಬರೆಯೋ ಸ್ಥಿತೀಲಿಲ್ಲ. ಅವಳ ಪರವಾಗಿ ಬೇರೆಯವ್ರು ಬರೀಬಹುದು, ಆದ್ರೆ ಅವಳಿಗಿಂತ ಕೆಳಗಿನ ಕ್ಲಾಸಿನವರೇ ಆಗ್ಬೇಕು, ಉತ್ತರ ಗೊತ್ತಿರಬಾರ್ದು ಅಂತ. ಹೆಡ್ ಮಿಸ್ ನನ್ನ ಕರೆದ್ರು. "ನಿನ್ನ ಅಕ್ಷರ ಚೆನ್ನಾಗಿದೆ. ಅವಳು ಹೇಳಿದ್ದು ಬರಿ. ಹೇಳದೇ ಇದ್ದಿದ್ದು ಬರೀಬೇಡ. ತಪ್ಪು ಹೇಳಿದ್ರೂ ತಪ್ಪೇ ಬರಿ, ಮುಖದಲ್ಲೂ ತೋರಿಸ್ಬೇಡ." ಒಂದು ಸಣ್ಣ ರೂಮು, ಶಮೀಮ್, ನಾನು, ಬಾಗಿಲಲ್ಲಿ ಒಬ್ರು ವಯಸ್ಸಾದ ಮಿಸ್. ಅವಳು ಕಣ್ಮುಚ್ಕೊಂಡು ಹೇಳೋಳು, ನಾನು ಬರೆಯೋಳು. ನೋವು ಬಂದಾಗ ವಾಕ್ಯ ಅರ್ಧಕ್ಕೆ ನಿಲ್ಲೋದು. ನಾನೂ ಪೆನ್ ನಿಲ್ಸಿ ಕಾಯೋಳು.

ಸಮಾಜದ ಪೇಪರಲ್ಲಿ ಬಂತು ನೋಡಿ, ಮಹಾಯುದ್ಧದ ಪರಿಣಾಮಗಳನ್ನು ಬರೆಯಿರಿ ಅಂತ. ಪುಸ್ತಕದಲ್ಲಿದ್ದ ಹಾಗೇ ಹೇಳ್ತಾ ಹೋದ್ಲು. ಅಪಾರ ಸಾವುನೋವು, ಆರ್ಥಿಕ ನಷ್ಟ, ಹೊಸ ಗಡಿಗಳು. ಆಮೇಲೆ ಅದೇ ದನೀಲಿ, "ದೂರ ಹೋದವರ ಸುದ್ದಿ ಮನೆಗೆ ಬರುವುದಿಲ್ಲ. ಅವರು ಇದ್ದಾರೆಂದು ಹೇಳಿದರೂ ಮನೆಯವರು ನಂಬುವುದಿಲ್ಲ, ಇಲ್ಲವೆಂದು ಹೇಳಿದರೂ ನಂಬುವುದಿಲ್ಲ" ಅಂದ್ಲು. ನಾನು ಪೆನ್ ಎತ್ತಿ ಮಿಸ್ ಕಡೆ ನೋಡಿದೆ. ಅವರು ಕಿಟಕಿ ಕಡೆ ತಿರುಗಿ, "ಹೇಳಿದ್ದನ್ನ ಬರಿ ಮಗು" ಅಂದ್ರು. ಬರೆದೆ.

ಕೊನೇದು ಗಣಿತ. ಲೆಕ್ಕ ಬಾಯಲ್ಲಿ ಹೇಳ್ಬಹುದು, ಚಿತ್ರ ಹೇಗೆ ಹೇಳ್ತೀರ? "ಕೈವಾರ ಇನ್ನೂ ಸ್ವಲ್ಪ ಅಗಲ. ಅಷ್ಟಲ್ಲ. ಹಾಂ, ಈಗ ತಿರುಗಿಸು. ನಕ್ಕೋ ನಕ್ಕೋ, ಬೇಡ, ಆ ಕಡೆ ಅಲ್ಲ!" ಬ್ಯಾಂಡೇಜ್ ಕೈನ ಗಾಳೀಲಿ ತಿರುಗಿಸಿ ತೋರಿಸೋಳು, ಹಲ್ಲು ಕಚ್ಕೊಳ್ಳೋಳು. ಎಲ್ಲ ಅವಳಿಗೆ ಬರ್ತಿತ್ತು, ಎಲ್ಲಾನೂ. ಸ್ವಲ್ಪ ಹೊತ್ತು ಜಾಸ್ತಿ ಕೊಟ್ಟಿದ್ರು, ಅದೂ ಸಾಲ್ಲಿಲ್ಲ. ಪ್ರಮೇಯದ ಕೊನೇಲಿ, "ಆದ್ದರಿಂದ ಕೋನ..." ಅಂದ್ಲು, ಬೆಲ್ ಹೊಡೀತು. ಮಿಸ್ ಕೈ ಚಾಚಿದ್ರು. ಅದರ ಮುಂದೆ ಇನ್ನೂ ಎಷ್ಟೋ ಲೆಕ್ಕ ಖಾಲಿ ಬಿದ್ದಿತ್ತು.

ಉಳಿದಿದ್ದರಲ್ಲೆಲ್ಲ ಒಳ್ಳೆ ಮಾರ್ಕ್ಸು, ಗಣಿತ ಹೋಯ್ತು. ಅವಳಮ್ಮ ತಮ್ಮನ ಕಾಲಿಗೆ ಬಿದ್ರು. "ಸೆಪ್ಟೆಂಬರಲ್ಲಿ ಇನ್ನೊಂದ್ಸಲ ಬರೀಬಹುದಂತಪ್ಪಾ, ಅಷ್ಟೊತ್ತಿಗೆ ಕೈ ಸರಿಹೋಗುತ್ತೆ." ಮಾಮು ಹೇಳಿದ್ದು, "ಸುಟ್ಟ ಕೈ ಅಂತ ಗೊತ್ತಿದ್ದೂ ಒಪ್ಕೊಂಡಿರೋ ಗಂಡು ಆಪಾ, ಸೆಪ್ಟೆಂಬರ್‌ವರೆಗೂ ನಿಲ್ತಾನಾ?" ಜೂನಲ್ಲಿ ನಿಕಾಹ್ ಆಯ್ತು. ನಾನು ಹೋಗಿದ್ದೆ. ಮೆಹಂದಿ ಎಡಗೈಗೆ ಮಾತ್ರ ಹಾಕಿದ್ರು. ಆವತ್ತೇ ಕೋಲಾರದ ಕಡೆ ಕರ್ಕೊಂಡು ಹೋದ್ರು.

ಮಳೆಗಾಲ ಮುಗಿಯೋ ಮುಂಚೆ ಅವರಪ್ಪ ಬಂದ್ರು. ಹೌದು ಕಣೇ, ಬದುಕಿದ್ರು. ಯಜಮಾನನ ಮನೆ ಕಾಯ್ಕೊಂಡು ಅಲ್ಲೇ ಸಿಕ್ಕಾಕ್ಕೊಂಡಿದ್ರಂತೆ. ಒಂದಿನ ಸಂಜೆ ನಮ್ಮನೆ ಬಾಗಿಲಿಗೆ ಬಂದು ನಿಂತ್ರು, ಒಣಗೋಗಿದ್ರು. "ನಮ್ಮ ಶಮ್ಮೂಗೆ ಬರೆದವಳು ನೀನೇನಮ್ಮಾ?" ಹೌದು ಅಂದೆ. "ಏನೇನು ಹೇಳಿದ್ಲು, ನಂಗೂ ಹೇಳು." ಇದೇ ತರ ಜಗಲಿ ಮೇಲೆ ಕೂತ್ಕೊಂಡ್ರು. ಯುದ್ಧದ ಪರಿಣಾಮ ಹೇಳಿದೆ, ಪುಸ್ತಕದಲ್ಲಿದ್ದಿದ್ದೂ ಹೇಳಿದೆ, ಇಲ್ದೇ ಇದ್ದಿದ್ದೂ ಹೇಳಿದೆ. ವೃತ್ತ ಹೇಳಿದೆ, ಕೈವಾರ ಹೇಳಿದೆ. "ಆದ್ದರಿಂದ ಕೋನ" ಅಂತ ನಾನು ನಿಲ್ಸಿದೆ. ಅವರು ನನ್ನ ಮುಖಾನೇ ನೋಡ್ತಾ ಕಾದ್ರು, ಕಾದ್ರು. "ಆಮೇಲೆ?" ಅಂದ್ರು. "ಆಮೇಲೆ ಬೆಲ್ ಹೊಡೀತು" ಅಂದೆ.

ಅದಕ್ಕೇ ನಾನು ಬಡ್ಕೊಳ್ಳೋದು, ಯಾರಾದ್ರೂ ಏನಾದ್ರೂ ಹೇಳ್ತಿದ್ರೆ ಅವರು ಮುಗಿಸೋವರೆಗೂ ತಡೀರಿ ಅಂತ. ಏಳಿ, ಅನ್ನ ಆರೋಗ್ತಿದೆ.