ಬೈಂಡಿಂಗಿಗೆ ಹೋದ ಸಂಚಿಕೆ

…ಮಗಳಿಗೆ ವಕೀಲಿ ಬೇಡವೆನ್ನುವುದಕ್ಕೆ ಮುಂಚೆ ಈ ಯಂತ್ರವನ್ನು ಒಮ್ಮೆ ಕಣ್ಣಾರೆ ನೋಡಲೆಂದೇ ನಿನ್ನನ್ನು ಗುಂಡ್ಲುಪೇಟೆಯಿಂದ ಕರೆಸಿದ್ದು, ಶಿವಸ್ವಾಮಿ. ಕುಳಿತುಕೊ. ಚಾಮರಾಜನಗರದ ವಕೀಲರ ಸಂಘಕ್ಕೆ ಕಂಪ್ಯೂಟರ್ ಬಂದು ಎಂಟು ದಿನವಾಯಿತು. ಐವತ್ತು ವರ್ಷಗಳ ತೀರ್ಪುಗಳೆಲ್ಲ ಈ ಸೀಡಿಗಳೊಳಗಿವೆ. ಎರಡು ಪದ ಒತ್ತಿದರೆ ತಾನೇ ಹುಡುಕಿ ಮುಂದಿಡುತ್ತದೆ. ನಗುತ್ತೀಯೇಕೆ? ಅರವತ್ತೆರಡರ ಈ ಕರಿಬಸವಯ್ಯ ಒಂದೇ ಬೆರಳಿನಲ್ಲಿ ಕುಟ್ಟುವುದು ಕೋಳಿ ಕಾಳು ಹೆಕ್ಕಿದಂತೆ ಕಾಣುತ್ತದೆಯೆ? ಕಾಣಲಿ.

ನಿನ್ನ ಶಿವರಂಜಿನಿಗೆ ಮೈಸೂರಿನಲ್ಲಿ ಲಾ ಸೀಟು ಸಿಕ್ಕಿದೆ. ಸೇರುವುದಕ್ಕೆ ನಾಳೆಯೇ ಕಡೆಯ ದಿನ. ನೀನು ಮಾತ್ರ… ಅದೇ ಹಳೆಯ ಮಾತು. "ನನ್ನ ತಲೆಯೇ ಅವಳಿಗೂ ಬಂದಿದೆ, ಕೋರ್ಟಿನಲ್ಲಿ ನಿಂತರೆ ಯಾರದೋ ಬಾಳು ಕೆಡಿಸುತ್ತಾಳೆ." ಮಗಳ ಎದುರಿಗೇ ಅಂದೆಯಂತೆ. ಎಪ್ಪತ್ತೇಳರಲ್ಲಿ ಒಂದು ಮೊಕದ್ದಮೆ ಸೋತದ್ದಕ್ಕೆ ವಾದಿಸುವುದನ್ನೇ ಬಿಟ್ಟು, ಇಪ್ಪತ್ತೆರಡು ವರ್ಷ ಅಫಿಡವಿಟ್ ಬರೆಯುತ್ತ ಕುಳಿತೆ. ಆಗಲಿ, ಅದು ನಿನ್ನ ಹಟ. ಆ ಹುಡುಗಿಯನ್ನೇಕೆ ಕೂರಿಸುತ್ತೀ? ಇಂಥ ಯಂತ್ರವಿರುವಾಗ ಅವಳಿಗೆ ಬೇಕಾದ ಯಾವ ತೀರ್ಪೂ ಕೈತಪ್ಪದು.

ಏನು ಹುಡುಕಲಿ, ಹೇಳು. ಯಾವುದಾದರೂ… ಅದು ಬೇಡ. ಬೇರೆ ಹೇಳು. ಜೀವನಾಂಶ, ಬಾಡಿಗೆ ಮನೆ, ಏನಾದರೊಂದು. ಇಲ್ಲ, ಇಲ್ಲ, ನಾನೇಕೆ ಹಿಂಜರಿಯಲಿ? ಸರಿ. ಗಾಡಿದಾರಿಯ ಹಕ್ಕು. ಒತ್ತಿದೆ.

ಸ್ವಲ್ಪ ತಡೆ, ಯೋಚಿಸುತ್ತದೆ… ಹರವೆಯ ಮೂಗಯ್ಯ ನನಗೂ ಮರೆತಿಲ್ಲ. ನೀನು ಅವನ ವಕೀಲ, ನಾನು ಅವನ ಹೊಲದ ಗಾಡಿದಾರಿ ಮುಚ್ಚಿದವರ ವಕೀಲ. ನಡುವೆ ಎರಡು ವರ್ಷ ಅವನು ಅರಿಸಿನ ಹಾಕಿರಲಿಲ್ಲ, ಗಾಡಿ ಓಡಿರಲಿಲ್ಲ, ಆದುದರಿಂದ ಹಕ್ಕು ಅಳಿಯಿತೆಂದು ನಾನು ವಾದಿಸಿದೆ. ಅದಕ್ಕೆದುರಾದ ತೀರ್ಪೊಂದೂ ನಿನಗೆ ಸಿಗಲಿಲ್ಲ. ತೀರ್ಪಾದಾಗ ಅವನೇ ನಿನ್ನನ್ನು ಸಂತೈಸಿದ. "ಬುಡಿ ಸಾಮಿ, ಗಾಡಿ ಓಗ್ದಿದ್ರೆ ತಲ ಮ್ಯಾಲ ವತ್ಕತೀನಿ." ಹೊತ್ತ. ಸಾಯುವ ತನಕ ಬದುವಿನ ಮೇಲೆ ಮೂಟೆ ಹೊತ್ತ.

ಬಂತು ನೋಡು. ಇದೇ. ಮೂರನೆಯ ಪ್ಯಾರಾಕ್ಕೆ ಹೋಗು, ಬೇಸಾಯ ನಿಂತ ಮಾತ್ರಕ್ಕೆ ದಾರಿಯ ಹಕ್ಕು ಅಳಿಯದು ಎಂದು ಅಲ್ಲಿದೆ… ನನ್ನನ್ನೇಕೆ ನೋಡುತ್ತೀ? ಪರದೆಯನ್ನು ನೋಡು. ಓ… ಇನ್ನೂ ತೀರ್ಪಿನ ಹೆಸರಷ್ಟೇ ಬಂದಿದೆಯೆ.

ಓದಿದ್ದೆ. ಆಮೇಲೆ, ನಮ್ಮ ಮೊಕದ್ದಮೆ ಮುಗಿದ ಎಷ್ಟೋ ದಿನದ ಮೇಲೆ. ಎಪ್ಪತ್ತೇಳರ ಏಪ್ರಿಲ್ ಎಂಬುದರ ಮೇಲೇಕೆ ಬೆರಳಿಟ್ಟೆ? ಹೌದು, ನಮ್ಮ ವಾದ ಜೂನ್‌ನಲ್ಲಿ. ತೀರ್ಪುಗಳನ್ನು ಅಚ್ಚುಮಾಡುವ ಮಾಸಪತ್ರಿಕೆಯಲ್ಲಿ ಇದು ಅದಕ್ಕೆ ಎರಡು ತಿಂಗಳು ಮೊದಲಿನ ಸಂಚಿಕೆ. ಆದರೆ ಆ ವಾರ ಅದು ಸಂಘದ ಲೈಬ್ರರಿಯಲ್ಲಿರಲಿಲ್ಲವಲ್ಲ. ಇಡೀ ಊರಿಗೆ ಇದ್ದದ್ದೇ ಒಂದು ಪ್ರತಿ, ಅದೂ ಬೈಂಡಿಂಗಿಗೆ ಹೋಗಿತ್ತು. ಲೈಬ್ರರಿಯ ಮರಿಯಪ್ಪ ನಿನಗೂ ಹಾಗೆಯೇ ಹೇಳಿದನಲ್ಲವೆ?

ಬೆರಳು ತೆಗೆ, ಶಿವಸ್ವಾಮಿ.

ಗೊತ್ತು. ವರ್ಷದ ಹನ್ನೆರಡು ಸಂಚಿಕೆಗಳೂ ಕೂಡಿದ ಮೇಲೆಯೇ ಬೈಂಡಿಂಗಿಗೆ ಕಳುಹಿಸುವುದು. ಜೂನ್‌ನಲ್ಲಿ ಯಾರೂ ಕಳುಹಿಸುವುದಿಲ್ಲ. ಆಗ ನಿನಗದು ಹೊಳೆಯಲಿಲ್ಲ. ವಕೀಲಿಗೆ ಹೊಸದಾಗಿ ಬಂದಿದ್ದೆ ನೀನು, ನನ್ನನ್ನು ಅಣ್ಣನೆಂದು ನಂಬಿದ್ದೆ.

ಏಳಬೇಡ… ಇದನ್ನು ಕೇಳಿಸಿಕೊಂಡು ಹೋಗು.

ಮರಿಯಪ್ಪನ ಬಾಯಿಂದ ಹಾಗೆ ಹೇಳಿಸಿದವನು ನಾನು. ಸಂಚಿಕೆ ನನ್ನ ಮನೆಯಲ್ಲಿತ್ತು. ತೀರ್ಪಾದ ಮರುದಿನ ತಂದು ಕಪಾಟಿನಲ್ಲಿಟ್ಟೆ. ಶಿವರಂಜಿನಿಗೆ ಇದನ್ನು ಹೇಳು. ನಿನ್ನ ತಲೆಯಲ್ಲಿ ಯಾವ ದೋಷವೂ ಇರಲಿಲ್ಲವೆಂದು, ನನ್ನ ಹೆಸರು ಹಿಡಿದೇ ಹೇಳು. ನಾಳೆ ಅವಳನ್ನು ಸೇರಿಸು.

ಇನ್ನೂ ಒಂದಿದೆ. ಸೋತ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ, "ನಾನು ಇನ್ನಷ್ಟು ಓದಬೇಕಿತ್ತು, ಅಣ್ಣ" ಎಂದು ನೀನು ಕಣ್ಣೀರಿಟ್ಟೆ. ನಾನು ನಿನ್ನ ಹೆಗಲ ಮೇಲೆ ಕೈಯಿಟ್ಟು, "ಹೌದು ಶಿವಸ್ವಾಮಿ, ಓದಬೇಕಿತ್ತು" ಎಂದೆ.