ತಿಪ್ಪ ಅಂತ ಯಾಕೆ ಕರೆದರು

ಕೇಳ್ರಪ್ಪಾ, ಕೇಳ್ರವ್ವಾ. ನಿಂತೋರು ಕೂತ್ಕೊಳ್ಳಿ, ಕೂತೋರು ಮಾತು ನಿಲ್ಲಿಸಿ. ಒಂದಾನೊಂದು ಕಾಲದಾಗೆ, ಯಾವುದೋ ಒಂದು ಸೀಮೆಯಾಗೆ ಒಂದು ಊರಿತ್ತು. ಊರಿನ ಹೆಸರು ಹೇಳಲ್ಲ. ಹೇಳಿದ್ರೆ ಆ ಊರೋರು ಜಗಳಕ್ಕೆ ಬರ್ತಾರೆ. ಬಂದ್ರೆ ಬರ್ಲಿ ಅನ್ನೋವಷ್ಟು ಸಿಟ್ಟು ನನಗೈತೆ, ಆದ್ರೂ ಬ್ಯಾಡ ಬಿಡಿ.

ಆ ಊರಾಗೆ ಬೊಮ್ಮಕ್ಕ ಅಂತ ಒಬ್ಬ ಹೆಣ್ಣುಮಗಳು. ಅವಳಿಗೆ ಮೊದಲನೇ ಕೂಸು ಹುಟ್ತು. ಚೆಲುವರಾಯ ಅಂತ ಹೆಸರಿಟ್ಲು. ಹಲ್ಲು ಬರೋ ಮುಂಚೆ ಹೋಯ್ತು. ಎರಡನೇದು ಹುಟ್ತು. ಮುತ್ತುರಾಯ ಅಂದ್ಲು. ಹೆಜ್ಜೆ ಇಡೋ ಮುಂಚೆ ಹೋಯ್ತು. ಮೂರನೇದು ಹುಟ್ತು. ಹೊನ್ನಪ್ಪ ಅಂದ್ಲು. ಅವ್ವಾ ಅನ್ನೋ ಮುಂಚೆ ಅದೂ ಹೋಯ್ತು. ಒಂದಕ್ಕಿಂತ ಒಂದು ಒಳ್ಳೇ ಹೆಸರು. ಏನು ಬಂತು, ನೀವೇ ಹೇಳಿ?

ನಾಲ್ಕನೇ ಕೂಸು ಹುಟ್ಟಿದಾಗ ಸೂಲಗಿತ್ತಿ ದುರುಗವ್ವ ಅವಳ ಕಿವಿಯಾಗೆ ಹೇಳಿದ್ಲು. "ಬೊಮ್ಮಕ್ಕಾ, ಒಳ್ಳೇ ಹೆಸರು ಕೇಳಿದ್ರೆ ಜವರಾಯ ಬಾಗಿಲಿಗೆ ಬರ್ತಾನೆ. ಇದನ್ನ ತಿಪ್ಪೆ ಮ್ಯಾಗೆ ಹಾಕು. ಯಾರಿಗೂ ಬ್ಯಾಡದ ಕಸ ಅಂತ ಅವನು ತಿಳ್ಕೊಳ್ಳಲಿ. ನಾನು ಎತ್ಕೊಂಡು ಒಂದು ಮೊರ ತೌಡಿಗೆ ನಿನಗೇ ಮಾರ್ತೀನಿ. ತಿಪ್ಪ ಅಂತ ಕರಿ. ಆದ್ರೆ ಒಂದು ಮಾತು. ಮಗನೇ ಅಂತ ಬಾಯಿ ತಪ್ಪಿಯೂ ಅನ್ಬ್ಯಾಡ. ಅಂದ್ಯೋ, ನಿನ್ನದು ಅಂತ ಜವರಾಯನಿಗೆ ಗೊತ್ತಾಗಿ ಹೋಗುತ್ತೆ."

ಹಂಗೇ ಮಾಡಿದ್ಲು. ಊರೋರೆಲ್ಲ ನಿಂತು ನೋಡಿದ್ರು. ತೌಡು ಕೊಟ್ಲು, ಕೂಸನ್ನ ತಗೊಂಡ್ಲು, ಒಳಗೆ ಹೋಗಿ ಎದೆಗೆ ಹಾಕ್ಕೊಂಡ್ಲು.

ತಿಪ್ಪ ಬದುಕಿದ. ಹಲ್ಲು ಬಂತು, ಬದುಕಿದ. ಹೆಜ್ಜೆ ಇಟ್ಟ, ಬದುಕಿದ. ಮಾತು ಬಂತು, ಆದ್ರೆ ಅವ್ವಾ ಅನ್ನೋಕೆ ಬಿಡ್ಲಿಲ್ಲ, ಅಕ್ಕಾ ಅನ್ನಿಸಿದ್ಲು. ಮರದಿಂದ ಬಿದ್ದು ಬಂದ್ರೆ "ಎಲ್ಲಿ ಸಾಯೋಕೆ ಹೋಗಿದ್ದೆ ಕಸವೇ" ಅಂತ ಬೈದ್ಲು. ಜ್ವರ ಬಂದು ಮಲಗಿದ್ರೆ "ಇದೊಂದು ಪೀಡೆ" ಅಂದ್ಲು. ಅಂದು ಒಲೆ ಮುಂದೆ ಕೂತು ಅತ್ಲು. ಹೊಗೆ ಅಂತಿದ್ಲು ಯಾರಾದ್ರೂ ಕೇಳಿದ್ರೆ. ಹಡೆದ ಬಾಯಿ ಆ ಒಂದು ಮಾತನ್ನ ಎಷ್ಟು ವರ್ಷ ನುಂಗ್ಕೊಂಡಿರಬೇಕು, ಯೋಚನೆ ಮಾಡಿ.

ತಿಪ್ಪ ಮೀಸೆ ಬಂದ ಗಂಡಸಾದ. ಆವಾಗ ಬೊಮ್ಮಕ್ಕನ ಗಂಡ ತೀರಿಕೊಂಡ. ಗಂಡನ ತಮ್ಮ ಒಬ್ಬ ಇದ್ದ, ಪಾಲಯ್ಯ ಅಂತ. ಅಣ್ಣನ ಮನೆ ಮ್ಯಾಗೆ ಅವನ ಕಣ್ಣು. ತಿಥಿ ಊಟ ಉಂಡು ಕೈ ತೊಳೆದೋನು ಸೀದಾ ಕಟ್ಟೆಗೆ ಹೋಗಿ ಪಂಚಾಯ್ತಿ ಕೂಡಿಸಿದ.

"ಗೌಡ್ರೇ, ನಮ್ಮಣ್ಣನಿಗೆ ಮಕ್ಕಳಿಲ್ಲ. ಈ ತಿಪ್ಪ ತಿಪ್ಪೆಯಾಗೆ ಸಿಕ್ಕಿದೋನು. ಹೆಸರೇ ಹೇಳುತ್ತಲ್ಲ! ಮನೆ ನನಗೆ ಸೇರಬೇಕು. ಇವನು ಹೊರಗೆ ನಡೀಲಿ."

ಗೌಡ ಏನು ಮಾಡಬೇಕಿತ್ತು? ಥೂ ಅಂತ ಉಗಿದು ಕಳಿಸಬೇಕಿತ್ತು. ಕಳಿಸಲಿಲ್ಲ. ಗಡ್ಡ ನೀವಿಕೊಂಡು, "ಹೌದಲ್ಲಾ, ತಿಪ್ಪ ಅಂದ್ರೇನು?" ಅಂತ ಕೇಳಿದ.

ಶುರುವಾಯ್ತು ನೋಡಿ. ಜೋಯಿಸ ಎದ್ದ. "ಹಿಂದೆ ಒಬ್ಬ ಶರಣ ತಿಪ್ಪೆ ಮ್ಯಾಗೆ ಕೂತು ತಪಸ್ಸು ಮಾಡಿದ್ದ, ಅವನ ಹೆಸರಿದು" ಅಂದ. ಹಲ್ಲಿಲ್ಲದ ಮುದುಕಪ್ಪ ಒಬ್ಬ ಎದ್ದ. "ಅಲ್ಲಲ್ಲ, ಗೊಬ್ಬರದಿಂದ ಬೆಳೆ, ಬೆಳೆಯಿಂದ ಅನ್ನ. ತಿಪ್ಪ ಅಂದ್ರೆ ಸಿರಿವಂತಿಕೆ" ಅಂದ. ಪಾಲಯ್ಯ ಎದ್ದ. "ತಿಪ್ಪ ಅಂದ್ರೆ ಬಿಸಾಕಿದ ಕಸ" ಅಂದ. ಬಿಸಿಲು ಇಳಿಯೋವರೆಗೂ ಇದೇ ಮಾತು. ಎರಡೇ ಅಕ್ಷರದ ಹೆಸರನ್ನ ಹಿಂಜಿ ಹಿಂಜಿ ಹತ್ತಿ ಮಾಡಿದ್ರು. ಹೆಸರು ಹೊತ್ತೋನು ಎದುರಿಗೇ ನಿಂತಿದ್ದ. ಒಬ್ಬನಾದ್ರೂ ಅವನ ಮುಖ ನೋಡಿದ್ನಾ? ಇಲ್ಲ!

ಎಲ್ಲರಿಗೂ ಗೊತ್ತಿತ್ತು, ಕೇಳಿ. ಬಸುರಿ ಬೊಮ್ಮಕ್ಕನ್ನ ಎಲ್ಲರೂ ನೋಡಿದ್ರು. ದುರುಗವ್ವ ಸತ್ತು ಹೋಗಿದ್ಲು, ಆದ್ರೆ ಊರು ಸತ್ತಿತ್ತಾ? ಹಿಂದೆ ನಿಂತಿದ್ದ ಹೆಂಗಸೊಬ್ಬಳು ಬಾಯಿ ತೆಗೆದ್ಲು. ಗಂಡ ಕಣ್ಣು ಬಿಟ್ಟ, ಮುಚ್ಕೊಂಡ್ಲು. ಗಂಡಸರು ನೆಲ ನೋಡಿದ್ರು. ಇಂಥೋರಿಗೆ ಏನನ್ನಬೇಕು? ನಾನಂತೂ ಊರೋರು ಅನ್ನಲ್ಲ.

ಪಾಲಯ್ಯ ಕೊನೆಗೆ ಮೆತ್ತಗೆ ಅಂದ. "ಆಯ್ತು, ನಮ್ಮತ್ತಿಗೆನೇ ಹೇಳಲಿ. ದೀಪ ಮುಟ್ಟಿ ಇವನು ನನ್ನ ಮಗ ಅನ್ನಲಿ. ನಾನು ಆ ಮನೆ ಕಡೆ ತಲೆ ಹಾಕಿಯೂ ಮಲಗಲ್ಲ."

ಅವಳ ಬಾಯಾಗೆ ಮಗನೇ ಅನ್ನೋ ಮಾತನ್ನ ಅವನು ಒಂದು ದಿನವೂ ಕೇಳಿರಲಿಲ್ಲ, ಅವಳು ಹೇಳಲ್ಲ ಅಂತ ಗೊತ್ತಿದ್ದೇ ಅಂದ, ಆ ಪಾಪಿ. ಹೇಳಿದ್ರೆ ಮಗ ಸಾಯ್ತಾನೆ ಅಂತ ಅವಳ ಭಯ. ಹೇಳದಿದ್ರೆ ಮಗ ಬೀದಿಪಾಲು. ದೀಪ ತಂದು ಮುಂದಿಟ್ರು. ಬೊಮ್ಮಕ್ಕ ದೀಪದ ಕಡೆ ಕೈ ಚಾಚಿದ್ಲು, ಹಿಂದಕ್ಕೆ ಎಳ್ಕೊಂಡ್ಲು.

ತಿಪ್ಪ ಮುಂದೆ ಬಂದ. "ಬ್ಯಾಡ ಬಿಡಕ್ಕಾ. ಮನೆ ಹೋದ್ರೆ ಹೋಗ್ಲಿ. ಎಲ್ಲಾದ್ರೂ ಗುಡಿಸಲು ಹಾಕ್ಕೊಂಡು ಬದುಕ್ತೀನಿ."

ಅಕ್ಕಾ ಅಂದ ನೋಡಿ, ಆವಾಗ ಅವಳ ಹೊಟ್ಟೆಯಾಗಿನ ಬೆಂಕಿ ಎದ್ದೇ ಬಿಡ್ತು. ದೀಪದ ಮ್ಯಾಗೆ ಕೈ ಇಟ್ಲು.

"ಮಗನೇ!" ಅಂದ್ಲು. ಕಟ್ಟೆ ನಡುಗ್ತು. "ಇವನು ನನ್ನ ಮಗ. ನನ್ನ ಹೊಟ್ಟೆಯಾಗೆ ಹುಟ್ಟಿದ ಮಗ. ಪಾಲಯ್ಯಾ, ಕೇಳ್ತೇನೋ? ಜವರಾಯ ಕೂಡ ಇವನ ಹೆಸರು ಕೇಳಿ ಸುಮ್ಮನೆ ಹೋದ. ನೀನು ಹೋಗ್ಲಿಲ್ಲ. ಅವನಿಗಿಂತ ಕಡೆಯಾದ್ಯಲ್ಲೋ! ಗೌಡ್ರೇ, ಅರ್ಥ ಬೇಕಿತ್ತಲ್ಲ ನಿಮಗೆ? ತಿಪ್ಪ ಅಂದ್ರೆ ಒಬ್ಬ ತಾಯಿಯ ಹೆದರಿಕೆ. ಬೇರೆ ಅರ್ಥ ಇಲ್ಲ. ಈಗ ಜವರಾಯ ಬರ್ತಾನಾ? ಬರ್ಲಿ. ಬಾಗಿಲಾಗೆ ನಾನೇ ಕೂತಿರ್ತೀನಿ. ಒಯ್ದ ಮೂರಕ್ಕೆ ಲೆಕ್ಕ ಕೊಟ್ಟು ಆಮ್ಯಾಗೆ ಒಳಗೆ ಕಾಲಿಡ್ಲಿ!"

ಗೌಡನ ಕೈ ಗಡ್ಡದಿಂದ ಇಳೀತು. ಮನೆ ತಿಪ್ಪನದು ಅಂದ.

ಜವರಾಯ ಬಂದ್ನಾ? ಬರ್ಲಿಲ್ಲ ಕಣ್ರಪ್ಪಾ. ಅಂಥ ತಾಯಿ ಬಾಗಿಲಾಗೆ ಕೂತಿದ್ರೆ ಯಾವನು ಬರ್ತಾನೆ? ತಿಪ್ಪ ಮದುವೆಯಾದ, ಮಕ್ಕಳಾದ್ವು, ತಲೆ ಬೆಳ್ಳಗಾಯ್ತು.

ಪಾಲಯ್ಯನ ಮನೆ ಪಕ್ಕದ್ದೇ, ನಡುವೆ ಒಂದೇ ಗೋಡೆ. ಅವತ್ತಿನಿಂದ ಬೊಮ್ಮಕ್ಕನ ಬಾಯಿ ನಿಲ್ಲಲೇ ಇಲ್ಲ. "ಮಗನೇ, ನೀರು ತಾ. ಮಗನೇ, ಎತ್ತು ಕಟ್ಟು. ಮಗನೇ, ಉಂಡ್ಯಾ? ಮಗನೇ, ಏನಿಲ್ಲ, ಸುಮ್ಮನೆ ಕರೆದೆ." ಪಾಲಯ್ಯ ಕಿವಿ ಮುಚ್ಕೊಂಡ, ಕೇಳಿಸ್ತು. ಮುಸುಕು ಹಾಕ್ಕೊಂಡ, ಕೇಳಿಸ್ತು. ಸಾಯೋವರೆಗೂ ಕೇಳಿಸ್ಕೊಂಡ.

ಅವರು ಅಲ್ಲಿ ಉಂಡು ಮಲಗಿದ್ರು, ನಾನು ಇಲ್ಲಿ ಬೈದು ಮುಗಿಸಿದೆ. ಏಳ್ರಿ ಇನ್ನ, ಮನೆಗೆ ನಡೀರಿ, ನಿಮ್ಮ ನಿಮ್ಮ ಮಕ್ಕಳನ್ನ ಬಾಯಿ ತುಂಬ ಕರೀರಿ.