ಮೂವತ್ತೊಂದನೇ ಪುಟದ ಹಾಡು

ಸನ್ಮಾನ್ಯ ಅಧ್ಯಕ್ಷರಾದ ವೆಂಕಟರಾಮು ಅವರೇ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರೂ ವೇದಿಕೆಯ ಮೇಲೆಯೇ ಇದ್ದಾರೆಂದು ನಾವು ಭಾವಿಸಬೇಕಾದ ಮುಖ್ಯ ಅತಿಥಿಗಳೇ, ನಾಟಕದ ನಿರ್ದೇಶಕರಾದ ಗಿರಿಧರ್ ಅವರೇ, ಮೂರು ತಿಂಗಳು ಮನೆಯ ಊಟ ಬಿಟ್ಟು ತಾಲೀಮಿನ ಪಫ್ಸ್ ತಿಂದು ಬದುಕಿದ ಕಲಾವಿದರೇ, ಮತ್ತು ಸಭಿಕರೇ,

ನನ್ನ ಹೆಸರು ಪಂಚಪ್ಪ. ಅಲ್ ಖೋರ್‌ನಿಂದ ಬಂದಿದ್ದೇನೆ. ನಮ್ಮ ದೋಹಾ ಕನ್ನಡ ಕೂಟದ ಪುಸ್ತಕ ಸಮಿತಿಯ ಸಂಚಾಲಕ ನಾನು. ಸಮಿತಿಯಲ್ಲಿ ನಾನೊಬ್ಬನೇ ಇರುವುದರಿಂದ ಸಂಚಾಲಕನ ಆಯ್ಕೆ ಅವಿರೋಧವಾಗಿ ನಡೆಯಿತು. ಇಂದು ಬಿಡುಗಡೆಯಾಗುವ ನಾಟಕದ ಪುಸ್ತಕವನ್ನು ಎರಡು ನಿಮಿಷಗಳಲ್ಲಿ ಪರಿಚಯಿಸಬೇಕು ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದಾರೆ. ಆ ಎರಡು ನಿಮಿಷಗಳಲ್ಲಿ ಒಂದು ನಿಮಿಷ ಈ ಮೈಕು ತಿಂದುಹಾಕಿತು. ಇನ್ನುಳಿದದ್ದರಲ್ಲಿ ಹೇಳಿ ಮುಗಿಸುವುದು ನನ್ನಿಂದಾಗದು, ಈಗಲೇ ಕ್ಷಮೆ ಕೇಳಿಬಿಡುತ್ತೇನೆ.

ಕಳೆದ ತಿಂಗಳು ಇದೇ ಸಭಾಂಗಣದಲ್ಲಿ ನಾಟಕ ನೋಡಿದಿರಿ. ಚಪ್ಪಾಳೆ ಹೊಡೆದಿರಿ. ಕಳ್ಳರ ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದಿರಿ. ಈಗ ಅದು ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತಿದೆ, ಸ್ಕೂಲ್ ಬಸ್ಸಿನಲ್ಲಿ ಮಕ್ಕಳು ಹಾಡುತ್ತಿದ್ದಾರೆ. ಕನ್ನಡದಲ್ಲಿ ನೀರು ಕೇಳಲು ಬಾರದ ಮಕ್ಕಳೂ ಹಾಡುತ್ತಿದ್ದಾರೆ. ಇದು ಸಂತೋಷದ ವಿಷಯವಲ್ಲವೇ? ಸಂತೋಷದ ವಿಷಯವೇ. ಹಾಗಾದರೆ ಈ ಮನುಷ್ಯ ಮುಖ ಗಂಟು ಹಾಕಿಕೊಂಡು ಯಾಕೆ ನಿಂತಿದ್ದಾನೆ? ಹೇಳುತ್ತೇನೆ.

ಈ ನಾಟಕದ ಮೂಲ ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಒಂದು ಪದ್ಧತಿಯಲ್ಲಿದೆ. ಬ್ಯಾಲಡ್ ಒಪೆರಾ ಎನ್ನುತ್ತಾರೆ, ನಾವು ಹಾಡುನಾಟಕ ಎನ್ನೋಣ. ಆಗ ಲಂಡನ್ನಿನಲ್ಲಿ ಶ್ರೀಮಂತರು ಇಟಲಿಯ ಭಾಷೆಯ ಸಂಗೀತ ನಾಟಕಗಳಿಗೆ ಹೋಗಿ, ಒಂದಕ್ಷರ ತಿಳಿಯದಿದ್ದರೂ ತಲೆದೂಗಿ ಬರುತ್ತಿದ್ದರಂತೆ. ನಮ್ಮಲ್ಲೂ ಅಂಥವರಿದ್ದಾರೆ, ಹೆಸರು ಬೇಡ. ಆಗ ಕೆಲವರು ಯೋಚಿಸಿದರು, ಬೀದಿಯಲ್ಲಿ ಎಲ್ಲರ ಬಾಯಲ್ಲೂ ಇರುವ ಹಳೆಯ ಹಾಡುಗಳ ಧಾಟಿಯನ್ನೇ ತೆಗೆದುಕೊಂಡು ಹೊಸ ಮಾತು ಕಟ್ಟಿ, ಕಳ್ಳರ ಬಾಯಲ್ಲಿ, ಜೈಲರನ ಬಾಯಲ್ಲಿ ಹಾಡಿಸಿದರೆ ಹೇಗೆ? ಹಾಗೆಯೇ ಮಾಡಿದರು. ಕಳ್ಳ ಹೊಸ ಮಾತು ಹಾಡುತ್ತಿದ್ದರೆ ನೋಡುವವನ ತಲೆಯಲ್ಲಿ ಹಳೆಯ ಮಾತು ಓಡುತ್ತಿರುತ್ತದೆ. ನಗು ಬರುವುದು ಆ ಎರಡರ ನಡುವೆ. ಇಷ್ಟೆಲ್ಲ ನನಗೆ ಗೊತ್ತಿರಲಿಲ್ಲ. ತಾಲೀಮಿನ ಮೊದಲ ದಿನ ಗಿರಿಧರ್ ಅವರು ಪ್ರೊಜೆಕ್ಟರ್ ಹಚ್ಚಿ ಇದನ್ನೆಲ್ಲ ಚೆನ್ನಾಗಿ ಹೇಳಿಕೊಟ್ಟರು. ಇನ್ನೊಂದು ಮಾತನ್ನೂ ಅವರೇ ಹೇಳಿದರು. ಆ ನಾಟಕಗಳನ್ನು ಅಚ್ಚು ಹಾಕಿಸುವಾಗ ಪ್ರತಿ ಹಾಡಿನ ತಲೆಯ ಮೇಲೆ, ಅದರ ಧಾಟಿ ಯಾವ ಹಳೆಯ ಹಾಡಿನದು ಎಂದು ಆ ಹಾಡಿನ ಹೆಸರನ್ನು ಅಚ್ಚು ಹಾಕಿಸುತ್ತಿದ್ದರಂತೆ.

ಮುನ್ನೂರು ವರ್ಷಗಳ ಹಿಂದೆ ಕಳ್ಳರ ಮೇಲೆ ನಾಟಕ ಬರೆದವರಿಗೆ ಇಷ್ಟು ಮರ್ಯಾದೆ ಇತ್ತು. ನಮ್ಮ ಪುಸ್ತಕದಲ್ಲಿ ಏನಿದೆ? ಹನ್ನೊಂದು ಹಾಡುಗಳಿವೆ, ಹನ್ನೊಂದರ ಮೇಲೂ ‘ಧಾಟಿ: ಜಾನಪದ’ ಎಂದಿದೆ. ಅಷ್ಟೇ. ಯಾವ ಊರಿನದು, ಯಾವ ಹಾಡಿನದು, ಯಾರ ಬಾಯಿಂದ ಬಂದದ್ದು, ಇಲ್ಲಿಯ ಅರಬ್ಬರ ಮಾತಿನಲ್ಲಿ ಮಾಫಿ, ಏನೂ ಇಲ್ಲ. ಆದರೆ ಪ್ರಾಯೋಜಕರ ಹೆಸರುಗಳು ಇನಿಶಿಯಲ್ ಸಮೇತ ಇವೆ. ಬಿರಿಯಾನಿ ಒದಗಿಸಿದವರ ಫೋನ್ ನಂಬರು ಮೂರು ಕಡೆ ಇದೆ. ಪರದೆ ಎಳೆದವರಿಗೆ ಅರ್ಧ ಪುಟದ ಕೃತಜ್ಞತೆ ಇದೆ. ಅವರು ಎರಡು ಸಲ ತಪ್ಪು ಸಮಯಕ್ಕೆ ಎಳೆದರು, ಅದೂ ಇರಲಿ.

ಈಗ ಮೂವತ್ತೊಂದನೇ ಪುಟಕ್ಕೆ ಬರುತ್ತೇನೆ. ಜೈಲಿನೊಳಗಿನ ಕಳ್ಳರು ಜೈಲರನನ್ನು ಪುಸಲಾಯಿಸುವ ಹಾಡು ಅಲ್ಲಿದೆ. ನಿಮಗೆಲ್ಲ ಬಾಯಿಪಾಠ ಆಗಿದೆ.

ದೊಡ್ಡ ರೊಟ್ಟಿ ಬಡಿಯಪ್ಪ ದೊಡ್ಡ ಹೊಟ್ಟಿಗಂತ
ಅಡ್ಡದ ಬಾಗಿಲ ತೆರಿಯಪ್ಪ – ಜೈಲರ ಸಾಹೇಬ
ದೊಡ್ಡ ಗಂಟು ನಿನಗ ಕೊಡತೇವಿ

ಸಾಕು, ಚಪ್ಪಾಳೆ ಬೇಡ. ಈ ಧಾಟಿ ಗಿರಿಧರ್ ಅವರಿಗೆ ಎಲ್ಲಿಂದ ಬಂತು? ನನ್ನಿಂದ ಬಂತು. ನನ್ನ ತಾಯಿ ಹೊನ್ನವ್ವ ವಿಸಿಟ್ ವೀಸಾದ ಮೇಲೆ ಬಂದು ನಮ್ಮೊಂದಿಗಿದ್ದಾಳೆ. ಅಗೋ, ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ನಾಗರತ್ನಾಳ ಪಕ್ಕದಲ್ಲಿ ಕುಳಿತಿದ್ದಾಳೆ. ತಿರುಗಿ ನೋಡಬೇಡಿ, ಅವಳಿಗೆ ಇಷ್ಟವಾಗುವುದಿಲ್ಲ. ಅಲ್ ಮನ್ಸೂರಾದ ಅಂಗಡಿಯ ಜೋಳದ ಹಿಟ್ಟು ಅವಳಿಗೆ ಒಂದಿಷ್ಟೂ ಸೇರುವುದಿಲ್ಲ. ಆದರೂ ದಿನಾ ರೊಟ್ಟಿ ಬಡಿಯುತ್ತಾಳೆ, ಬಡಿಯುವಾಗ ಹಾಡುತ್ತಾಳೆ. ನಾಟಕಕ್ಕೆ ಧಾಟಿಗಳು ಬೇಕು, ಮನೆಯಲ್ಲಿ ಹಿರಿಯರಿದ್ದರೆ ರೆಕಾರ್ಡ್ ಮಾಡಿ ಕಳುಹಿಸಿ ಎಂದು ಗಿರಿಧರ್ ಗುಂಪಿಗೆ ಹಾಕಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಫೋನು ಹಿಡಿದೆ. ನಲವತ್ತೆರಡು ಸೆಕೆಂಡು ಆಗುವಷ್ಟರಲ್ಲಿ ಡ್ಯೂಟಿಯ ಫೋನು ಬಂತು, ರೆಕಾರ್ಡಿಂಗ್ ನಿಂತಿತು. ಅಷ್ಟನ್ನೇ ಕಳುಹಿಸಿದೆ. ಅದರಲ್ಲಿ ಇದ್ದದ್ದು ಮೊದಲ ನುಡಿ ಮಾತ್ರ.

ಸಣ್ಣ ರೊಟ್ಟಿ ಬಡದೇನ ಸಣ್ಣ ಕೈಯಿಗಂತ
ಬಣ್ಣದ ಬಾಗಿಲ ತೆರೆದೇನ – ಹೊಸತಿಲ ಮ್ಯಾಲ
ಸಣ್ಣ ಹೆಜ್ಜಿ ಒಂದೂ ಬರಲಿಲ್ಲ

ನಮ್ಮ ಕಡೆ ಹಿಟ್ಟು ಮುಗಿಯುವಾಗ ಕೊನೆಗೆ ಉಳಿದದ್ದರಲ್ಲಿ ಅಂಗೈಯಗಲದ ಒಂದು ರೊಟ್ಟಿ ಬಡಿದು ಮನೆಯ ಮಗುವಿಗೆ ಕೊಡುತ್ತಾರೆ. ಅದರ ಹಾಡು ಇದು. ಗಿರಿಧರ್ ಬೆಂಗಳೂರಿನವರು, ಅವರಿಗೆ ಹೇಗೆ ತಿಳಿಯಬೇಕು? ಅವರು ಒಂದು ಮಾತು ಕೇಳಿದ್ದರು. ನಾನು ಅವರ ಮೇಲೆ ಎಷ್ಟೇ ರೇಗಲಿ, ಈ ಮಾತು ಹೇಳಲೇಬೇಕು. “ಸಾರ್, ತುಂಬ ಚೆನ್ನಾಗಿದೆ. ಇದು ಯಾರ ಹಾಡು? ಹೆಸರು ಹಾಕೋಣ” ಎಂದು ಕೇಳಿದ್ದರು. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ನನ್ನ ಕೆಲಸ ಸುರಕ್ಷತಾ ವಿಭಾಗದಲ್ಲಿ. ಅಲ್ಲಿ ಒಂದು ಸಣ್ಣ ವಾಲ್ವಿಗೂ ನಂಬರು ಇರುತ್ತದೆ. ಅದನ್ನು ಯಾರು ತೆರೆದರು, ಯಾರು ಮುಚ್ಚಿದರು ಎಂದು ಸಹಿ ಇಲ್ಲದಿದ್ದರೆ ನಾನು ಯಾರನ್ನೂ ಗೇಟಿನಿಂದ ಆಚೆ ಬಿಡುವುದಿಲ್ಲ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವನು ಗಿರಿಧರ್‌ಗೆ ಏನು ಉತ್ತರ ಕೊಟ್ಟೆ? ಬಸ್ಸಿನಲ್ಲಿ ಕುಳಿತು ವಾಯ್ಸ್ ಮೆಸೇಜ್ ಹಾಕಿದೆ. “ಯಾರದೂ ಅಲ್ರಿ ಅದು. ಜಾನಪದ. ಹಂಗ ಹಾಕ್ರಿ.”

ಹಾಗೆಯೇ ಹಾಕಿದರು.

ಈ ಹಾಡು ನನಗೆ ಹೊಸದೇನಲ್ಲ. ಚಿಕ್ಕಂದಿನಲ್ಲಿ ನಸುಕಿನಲ್ಲಿ ಅವ್ವ ಬೀಸುವಾಗ ಕೇಳಿ ಮೂರೂ ನುಡಿ ಬಾಯಿಗೆ ಬಂದಿದ್ದವು. ಹೈಸ್ಕೂಲಿನ ಜಾನಪದ ಗೀತೆ ಸ್ಪರ್ಧೆಯಲ್ಲಿ ಹಾಡಿ ಎರಡನೇ ಬಹುಮಾನ ತಂದವನು ನಾನು, ಅಭಿನಯ ಸಹಿತ. ಸ್ಟೀಲಿನ ತಟ್ಟೆ ಕೊಟ್ಟಿದ್ದರು. ಮನೆಗೆ ತಂದು ತೋರಿಸಿದರೆ ಅವ್ವ, “ಚಲೋ ಆತು” ಎಂದು ತಟ್ಟೆಯನ್ನು ಒಳಗಿಟ್ಟಳು. ಮತ್ತೇನೂ ಹೇಳಲಿಲ್ಲ. ಅವಳು ಯಾಕೆ ಏನೂ ಹೇಳಲಿಲ್ಲ ಎಂದು ಹದಿನಾಲ್ಕು ವರ್ಷದವನಿಗೆ ತೋಚಲಿಲ್ಲ, ಸರಿ. ಐವತ್ತನಾಲ್ಕು ವರ್ಷದವನಿಗೆ?

ನಾಟಕದ ದಿನ ಅವ್ವನ ಪಕ್ಕದಲ್ಲಿ ನಾನು ಕುಳಿತಿದ್ದೆ. ಕಳ್ಳರ ಗುಂಪಿನಲ್ಲಿ ನನ್ನ ಮಗಳು ಶರ್ವಾಣಿ ಇದ್ದಳು, ಮೀಸೆ ಬರೆದುಕೊಂಡು, ಹೊಟ್ಟೆಗೆ ದಿಂಬು ಕಟ್ಟಿಕೊಂಡು. ‘ದೊಡ್ಡ ರೊಟ್ಟಿ’ ಎಂದು ಶುರುವಾಗುತ್ತಿದ್ದಂತೆ ಸಭೆಯಲ್ಲಿ ಒಬ್ಬ ಗಟ್ಟಿಯಾಗಿ ನಕ್ಕ. ಅವನ ಹಿಂದೆ ನೀವೆಲ್ಲ ನಕ್ಕಿರಿ. ಯಾಕೆಂದರೆ ಹಳೆಯ ಮಾತು ಗೊತ್ತಿದ್ದು ನಗಬಲ್ಲವನು ಈ ಸಭಾಂಗಣದಲ್ಲಿ ಅವನೊಬ್ಬನೇ ಇದ್ದ. ವಿಡಿಯೋದಲ್ಲಿ ಆ ನಗು ಸ್ಪಷ್ಟವಾಗಿ ಕೇಳುತ್ತದೆ. ಅದು ಯಾರದು ಎಂದು ಹುಡುಕುತ್ತ ಕೂರಬೇಡಿ, ನನ್ನದು.

ಸಂಜೆ ಕಾರಿನಲ್ಲಿ ಅಲ್ ಖೋರ್‌ಗೆ ಹೊರಟೆವು. ಅರ್ಧ ದಾರಿ ಆಗಿತ್ತು. ನಾನೇ ಕೇಳಿದೆ, “ಅವ್ವ, ನಿನ್ನ ಹಾಡು ಹೆಂಗಾತು?”

“ಭಾಳ ಜೋರ ಹಾಡಿದ್ರು. ಅಷ್ಟ ಜೋರ ಬೀಸಿದ್ರ ಹಿಟ್ಟ ಸುಡತೈತಿ” ಎಂದಳು. ಮತ್ತೆ, “ಮೂರನೇ ನುಡಿ ಹಾಡಲಿಲ್ಲ, ಚಲೋ ಆತು” ಎಂದಳು.

ಆ ಮೂರನೇ ನುಡಿ ಹೀಗಿದೆ.

ಸಂಜೀಲೆ ಕರದೇನ ಓಣೆಲ್ಲ ಕೇಳುವಂಗ
ಅಂಜೀಕಿ ಬ್ಯಾಡವ್ವ ಶಾವಂತ್ರಿ – ಎಳ್ಳ ಹೊಲಕ
ಪಂಜ ಹಿಡದ ಬರತೇನ ಕರಿಯಾಕ

“ಯಾಕ ಚಲೋ ಆತು?” ಎಂದೆ.

“ಆಕೀ ಹೆಸರು ಕಳ್ಳರ ಬಾಯಾಗ ಬರಲಿಲ್ಲಲ್ಲ.”

“ಯಾರ ಹೆಸರು?”

ಸಭಿಕರೇ, ಬೀಸುವ ಹಾಡುಗಳಲ್ಲಿ ಹೆಸರು ಬರುವುದು ವಾಡಿಕೆ. ಹಾಡಿನಲ್ಲಿ ಒಬ್ಬ ಅಣ್ಣ ಇರುತ್ತಾನೆ, ಒಬ್ಬ ತಮ್ಮ ಇರುತ್ತಾನೆ, ಹಾಗೆಯೇ ಈ ಹಾಡಿನಲ್ಲಿ ಒಬ್ಬ ಶಾವಂತ್ರಿ ಇದ್ದಾಳೆ ಎಂದು ನಾನು ತಿಳಿದಿದ್ದೆ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕ ಒಬ್ಬಳು ಇದ್ದಳು, ಆರು ವರ್ಷಕ್ಕೆ ಜ್ವರ ಬಂದು ಹೋದಳು ಎಂಬುದೂ ಗೊತ್ತಿತ್ತು. ಮನೆಯಲ್ಲಿ ಅವಳ ಫೋಟೋ ಇಲ್ಲ. ಅಪ್ಪನ ಎದುರು ಅವಳ ಮಾತೆತ್ತುವಂತಿರಲಿಲ್ಲ. ಎಂದಾದರೂ ಹೇಳಲೇಬೇಕಾಗಿ ಬಂದರೆ ‘ಮೊದಲಿನಾಕಿ’ ಎನ್ನುತ್ತಿದ್ದರು. ಅವಳ ಹೆಸರೇನು ಎಂದು ನಾನು ಕೇಳಿರಲಿಲ್ಲ. ಐವತ್ತು ವರ್ಷ ಕೇಳಿರಲಿಲ್ಲ. ಹೆಸರು ದಿನಾ ನಸುಕಿನಲ್ಲಿ ನನ್ನ ಕಿವಿಗೆ ಬೀಳುತ್ತಿತ್ತು, ನಾನು ಅದಕ್ಕೆ ಅಭಿನಯ ಮಾಡಿ ತಟ್ಟೆ ಗೆದ್ದುಕೊಂಡು ಬಂದೆ.

“ಎಳ್ಳ ಹೊಲ ಯಾರದಂತ ತಿಳದಿದ್ದಿ?” ಎಂದು ಅವ್ವ ಕೇಳಿದಳು. “ನಮ್ಮದಲ್ಲೇನು? ಬದುವಿನ ಮ್ಯಾಲ ಮಣ್ಣ ಮಾಡಿದ್ವಿ. ನಿಮ್ಮಪ್ಪ ಅಳಗೊಡತಿರಲಿಲ್ಲ. ಬೀಸೂಮುಂದ ಹಾಡಿದ್ರ ಯಾರು ಕೇಳತಾರ? ಹಾಡ ಕಟ್ಟಿಕೊಂಡೆ. ಮಂದಿ ನಗಲಿ ಬಿಡು, ಅವ್ರಿಗೇನ ಗೊತ್ತು. ನೀ ಒಬ್ಬಾಂವರ ಗುರತ ಹಿಡೀತಿ ಅಂತ ಮಾಡಿದ್ದೆ.”

ನಾನು ಕಾರು ಓಡಿಸಿದೆ. ಬೇರೇನು ಮಾಡುವುದಿತ್ತು?

ಮರುದಿನ ಗಿರಿಧರ್‌ಗೆ ಫೋನು ಮಾಡಿ ಕೂಗಾಡಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಕೊನೆಗೆ, “ಸಾರ್, ನೀವೇ ಯಾರದೂ ಅಲ್ಲ ಅಂದಿದ್ರಿ. ಪುಸ್ತಕ ಪ್ರಿಂಟ್ ಆಗ್ಹೋಯ್ತು. ಖಲಾಸ್” ಎಂದರು. ಅಧ್ಯಕ್ಷರಿಗೆ ಫೋನು ಮಾಡಿದೆ. “ಪಂಚಪ್ಪನೋರೆ, ಬೇಜಾರ್ ಮಾಡ್ಕೋಬೇಡಿ, ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ” ಎಂದರು. ದೋಹಾದಲ್ಲಿ ಕನ್ನಡ ನಾಟಕದ ಪುಸ್ತಕಕ್ಕೆ ಮುಂದಿನ ಮುದ್ರಣ. ಹಿಂದಿನ ಮೂರು ಪುಸ್ತಕಗಳ ಕಟ್ಟುಗಳು ನನ್ನ ಮನೆಯ ಮಂಚದ ಕೆಳಗಿವೆ ಸ್ವಾಮೀ. ಅವ್ವ ಬರುವ ಗುರುವಾರ ಊರಿಗೆ ಹೊರಡುತ್ತಾಳೆ. ಅವಳಿಗೆ ಎಪ್ಪತ್ತಾರು. ಮುಂದಿನ ಮುದ್ರಣವನ್ನು ಯಾರಿಗೆ ತೋರಿಸಲಿ?

ಆದ್ದರಿಂದ ನಾನೊಂದು ಕೆಲಸ ಮಾಡಿದ್ದೇನೆ. ಪ್ರೆಸ್ಸಿನಿಂದ ಪುಸ್ತಕ ತರುವ ಜವಾಬ್ದಾರಿ ಸಂಚಾಲಕನದೇ ಆದದ್ದರಿಂದ ಇನ್ನೂರು ಪ್ರತಿಗಳೂ ಬುಧವಾರದಿಂದ ನನ್ನ ಮನೆಯಲ್ಲಿದ್ದವು. ಇಂದು ಬೆಳಿಗ್ಗೆ ಚಹಾ ಕುಡಿದು ಕಟ್ಟು ಬಿಚ್ಚಿದೆವು. ಮೂವತ್ತೊಂದನೇ ಪುಟದಲ್ಲಿ ‘ಜಾನಪದ’ ಎಂಬುದನ್ನು ಗೀಟು ಹಾಕಿ ಹೊಡೆದು, ಪಕ್ಕದಲ್ಲಿ ಪೆನ್ನಿನಿಂದ ಬರೆದೆವು. ಕೂಟದ ಅನುಮತಿ ಕೇಳಿಲ್ಲ. ಅಧ್ಯಕ್ಷರೇ, ಆ ರಿಬ್ಬನ್ ಕಟ್ಟಿದ ಪ್ರತಿಯಲ್ಲೂ ಬರೆದಿದ್ದೇನೆ, ಈಗ ಬಿಚ್ಚಿ ನೋಡಬೇಡಿ.

ಏನು ಬರೆಯುವುದೆಂದು ಅವ್ವನನ್ನು ಕೇಳಿದೆ. ಕಳ್ಳರ ಹಾಡನ್ನು ಪೂರ್ತಿ ಹೊಡೆದುಹಾಕಲೇ ಎಂದೆ. “ಬ್ಯಾಡ. ಹುಡುಗರು ಕಷ್ಟಪಟ್ಟಾರ” ಎಂದಳು. ಹಾಗಾದರೆ ನಿನ್ನ ಹೆಸರು ಬರೆಯುತ್ತೇನೆ ಎಂದೆ. “ನನ್ನ ಹೆಸರ್ಯಾಕ? ಹಾಡ ಆಕೀದು” ಎಂದಳು. ಅವ್ವನಿಗೆ ಓದಲು ಬರುವುದಿಲ್ಲ. ಒಂದೊಂದೇ ಪ್ರತಿಯನ್ನು ಕೈಗೆ ತೆಗೆದುಕೊಂಡು, ಶಾಯಿ ಆರಲೆಂದು ಊದಿ ಪಕ್ಕಕ್ಕಿಟ್ಟಳು.

ನಲವತ್ತು ಪ್ರತಿಗಳನ್ನು ಶರ್ವಾಣಿ ಬರೆದಿದ್ದಾಳೆ. ಅವಳ ಕನ್ನಡ ನಿಮಗೆಲ್ಲ ಗೊತ್ತು. ಕೆಲವು ಪ್ರತಿಗಳಲ್ಲಿ ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಬೇಕು. ಐದಾರು ಪ್ರತಿ ಬರೆದ ಮೇಲೆ ಅವಳು ತಲೆಯೆತ್ತಿ, “ಅಜ್ಜಿ, ಹೂ ಈಸ್ ಶಾವಂತ್ರಿ?” ಎಂದು ಕೇಳಿದಳು. ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಹದಿಮೂರು ವರ್ಷದ ಹುಡುಗಿ ಪೆನ್ನು ಕಚ್ಚಿಕೊಂಡು ಕೇಳಿಬಿಟ್ಟಳು.

“ನಿಮ್ಮತ್ತಿ” ಎಂದಳು ಅವ್ವ. ಆಮೇಲೆ ಪುಸ್ತಕ ಕೆಳಗಿಟ್ಟು ಹೇಳುತ್ತ ಹೋದಳು. ಶಾವಂತ್ರಿಗೆ ಮುಂದಿನ ಹಲ್ಲು ಬಿದ್ದಿತ್ತಂತೆ. ಕತ್ತಲೆಂದರೆ ಬಹಳ ಹೆದರುತ್ತಿದ್ದಳಂತೆ. ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಓಣಿ ತುಂಬ ತಿರುಗುತ್ತಿದ್ದಳಂತೆ, ಹೊರಲಾಗದಿದ್ದರೂ ಕೆಳಗಿಳಿಸುತ್ತಿರಲಿಲ್ಲವಂತೆ. ಇದೆಲ್ಲ ನನಗೆ ಗೊತ್ತಾದದ್ದು ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ.

ಎರಡು ನಿಮಿಷದವನಿಗೆ ಇಷ್ಟು ಹೊತ್ತು ಕಿವಿಗೊಟ್ಟಿರಿ, ನಿಮಗೂ ನನ್ನ ಬೈಗುಳ ತಿಂದೂ ಸುಮ್ಮನೆ ಕುಳಿತಿರುವ ಗಿರಿಧರ್ ಅವರಿಗೂ ನನ್ನ ವಂದನೆಗಳು. ಅಧ್ಯಕ್ಷರು ಈಗ ರಿಬ್ಬನ್ ಬಿಚ್ಚಬಹುದು. ಪುಸ್ತಕ ಕೈಗೆ ಬಂದಾಗ ಮೂವತ್ತೊಂದನೇ ಪುಟ ತೆರೆದು, ಅಲ್ಲಿ ಬರೆದದ್ದನ್ನು ಒಂದು ಸಲ ಗಟ್ಟಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮೂರನೇ ಸಾಲಿನವರೆಗೆ ಕೇಳಿಸಿದರೆ ಸಾಕು. ‘ಧಾಟಿ: ಸಣ್ಣ ರೊಟ್ಟಿ ಬಡದೇನ. ಶಾವಂತ್ರಿಯ ಹಾಡು.’

ನಮಸ್ಕಾರ.